ಸುಸ್ತು ಅಂದಿರಲ್ಲ, ಮಾವಾ

ಶಿವಣ್ಣ ಮಾವಾ,

ಮೊದಲ ದಿನ ನಾನು ನಿಮ್ಮನ್ನು ಅಂಕಲ್ ಅಂದಿದ್ದೆ. ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಹೆಲ್ಮೆಟ್ ಹಿಡಿದುಕೊಂಡು ನಿಂತ ಬಿಳಿ ಮೀಸೆಯ ಗಂಡಸನ್ನು ಇನ್ನೇನಂತ ಕರೆಯಲಿ? "ಅಂಕಲ್ ಬೇಡ ಕಣಮ್ಮ, ಈ ಊರಲ್ಲಿ ಬೀದಿಗೊಬ್ಬ ಅಂಕಲ್. ನಾನು ಅರಸೀಕೆರೆಯೋನು, ನೀನು ಕಡೂರಂತೆ. ಮಾವ ಅನ್ನು," ಅಂದಿರಿ. ಪಿಎಚ್‌ಡಿಗೆ ಅಂತ ದೆಹಲಿಗೆ ಬಂದು ನಾನಿನ್ನೂ ಹಾಸ್ಟೆಲ್ ಊಟಕ್ಕೂ ಒಗ್ಗಿರಲಿಲ್ಲ. ಅಷ್ಟರಲ್ಲಿ ಲಾರಿಯೊಂದು ನನ್ನ ಬೈಕನ್ನು ಸವರಿಕೊಂಡು ಹೋಗಿ, ಮೊಣಕಾಲ ಕೆಳಗಿನ ಮೂಳೆ ಮುರಿದಿತ್ತು. ಊರಲ್ಲಿ ಅಮ್ಮನಿಗೆ ಇನ್ನೂ ಹೇಳಿರಲಿಲ್ಲ. ಗುರುತಿಲ್ಲದ ಒಬ್ಬರು ಬಂದು ಕನ್ನಡದಲ್ಲಿ ಮಾತಾಡಿದ್ದಕ್ಕೆ ಅಳು ಬಂತು, ಅಳು ಬಂದದ್ದಕ್ಕೆ ಸಿಟ್ಟು ಬಂತು. "ನಿಮ್ಮನ್ನ ಯಾರು ಕಳಿಸಿದ್ದು?" ಅಂತ ಜಗಳಕ್ಕೆ ನಿಂತವಳ ಹಾಗೆ ಕೇಳಿದ್ದೆ.

ಸ್ಟೂಲ್ ಎಳೆದುಕೊಂಡು ಕೂತಿರಿ. "ಹೇಗೆ ನೋಯ್ತಿದೆ?" ಅಂತ ಕೇಳಿದಿರಿ. ಅದುವರೆಗೆ ಬಂದವರೆಲ್ಲ ಎಷ್ಟು ಸ್ಪೀಡಲ್ಲಿ ಹೋಗ್ತಿದ್ದೆ ಅಂತಲೇ ಕೇಳಿದ್ದರು. "ಹೇಗೆ ಅಂದ್ರೆ? ನೋವು. ದರ್ದ್." "ದರ್ದ್ ಅಂತ ಡಾಕ್ಟ್ರಿಗೆ ಹೇಳು. ನನಗೆ ಸರಿಯಾಗಿ ಹೇಳು. ಉರಿಯಾ? ಸೆಳೆತಾನಾ? ಚುಚ್ತಿದೆಯಾ, ಸಿಡೀತಿದೆಯಾ, ಹಿಂಡಿದ ಹಾಗಾಗ್ತಿದೆಯಾ?" ನಾನು ಕಣ್ಣು ಮುಚ್ಚಿ ಯೋಚಿಸಿದೆ. ಬೆಳಿಗ್ಗೆ ಸಿಡಿಯುತ್ತಿತ್ತು, ಈಗ ಕಾಲ್ಬೆರಳಿಗೆಲ್ಲ ಜೋಮು ಹಿಡಿದ ಹಾಗಿದೆ ಅಂದೆ. ನಿಮ್ಮ ಮುಖ ಬದಲಾಯಿತು. ಹೆಬ್ಬೆರಳು ಮುಟ್ಟಿ, ಗೊತ್ತಾಗ್ತಿದೆಯಾ ಅಂದಿರಿ. ಇಲ್ಲ ಅಂದೆ. ನಿಮ್ಮ ಹಳೇ ಗಾಯದ ಕುಂಟುಗಾಲಲ್ಲಿ ನೀವು ವಾರ್ಡಿನ ಉದ್ದಕ್ಕೂ ಓಡಿದ್ದು ನನಗೆ ಈಗಲೂ ಕಾಣುತ್ತದೆ. ಒಳಗೆ ಬಾವೇರಿ, ರಕ್ತ ಹರಿಯಲು ಜಾಗವಿಲ್ಲದೆ ಕಾಲು ಸಾಯತೊಡಗಿತ್ತಂತೆ. ಸಂಜೆಯೊಳಗೆ ಮತ್ತೆ ಆಪರೇಷನ್ ಮಾಡಿದರು. ನರ್ಸ್ ಅದಕ್ಕೂ ಮೊದಲು ಬಂದು ಕೇಳಿದ್ದಳು ಮಾವಾ, ಪಾಪ. ಜೋಮಿಗೆ ಹಿಂದಿಯಲ್ಲಿ ಏನಂತಾರೋ ಗೊತ್ತಿರದೆ ನಾನೇ ಠೀಕ್ ಹೈ ಅಂದುಬಿಟ್ಟಿದ್ದೆ.

ಹರ್‌ಪ್ರೀತನ ಅಂಗಡಿಗೆ ಊರುಗೋಲಲ್ಲಿ ಹೋದ ದಿನ ನಿಮ್ಮ ಗುಂಪಿನ ಪದ್ಧತಿ ಅರ್ಥವಾಯಿತು. ಕರೋಲ್ ಬಾಗಿನ ಆ ಸ್ಪೇರ್ ಪಾರ್ಟ್ಸ್ ಅಂಗಡಿಯೇ ನಿಮ್ಮೆಲ್ಲರ ಕಟ್ಟೆ. ಬೈಕಿಂದ ಬಿದ್ದು ಎದ್ದವರು ಅಲ್ಲಿ ಸೇರುತ್ತಿದ್ದಿರಿ. ಹೆಸರಿಲ್ಲ, ಬೋರ್ಡಿಲ್ಲ. ನೀವು ಮಾತ್ರ ಬಿದ್ದವರ ಸಂಘ ಅಂತ ರೇಗಿಸುತ್ತಿದ್ದಿರಿ. ಯಾರಾದರೂ ಬಿದ್ದ ಸುದ್ದಿ ಬಂದರೆ ಹರ್‌ಪ್ರೀತ್ ಮೊದಲು ಕೇಳುತ್ತಿದ್ದದ್ದು ಒಂದೇ, ಯಾವ ಮೂಳೆ? ಅದೇ ಮೂಳೆ ಮುರಿದುಕೊಂಡು ವಾಸಿಯಾದವರು ನೋಡಲು ಹೋಗಬೇಕು. ಭುಜವಾದರೆ ಹರ್‌ಪ್ರೀತ್, ಮೊಣಕಾಲ ಕೆಳಗಾದರೆ ನೀವು. ಹೋದವರು ಬೋಧನೆ ಮಾಡಬಾರದು, ಹೇಗೆ ನೋಯುತ್ತಿದೆ ಅಂತ ಕೇಳಬೇಕು, ತಮ್ಮ ಗಾಯದ ಕಲೆ ತೋರಿಸಬೇಕು. ನಿಮ್ಮ ಪ್ಯಾಂಟಿನ ಕಾಲು ಮಡಚಿ ನೀವು ತೋರಿಸಿದ ಆ ಹೊಲಿಗೆ ಗುರುತು ನೋಡಿದ ಮೇಲೇ ಅಲ್ಲವೆ ನಾನು ಊಟ ಮಾಡಿದ್ದು?

ಫಿಸಿಯೋಥೆರಪಿಯವನ ಹತ್ತಿರ ನಾನು ಬೈಸಿಕೊಂಡದ್ದು ನಿಮಗೆ ಮರೆತಿರಲಿಕ್ಕಿಲ್ಲ. ಬಾರ್ ಹಿಡಿದು ನಡೆಯುವಾಗ ಕಣ್ಣು ಕತ್ತಲೆ ಬಂದು, "ಭಯ್ಯಾ, ಸುಸ್ತ್ ಹೂಂ," ಅಂದೆ. ಅವನು ಕೆಂಡವಾದ. ಸುಸ್ತಿದ್ರೆ ಮನೆಯಲ್ಲಿ ಬಿದ್ದುಕೋ, ಇಲ್ಲಿಗೆ ಯಾಕೆ ಬರ್ತೀಯ ಅನ್ನುವ ಧಾಟಿಯಲ್ಲಿ ಹಾರಾಡಿದ. ನೀವು ಗೋಡೆ ಹಿಡಿದುಕೊಂಡು ನಕ್ಕಿರಿ. "ಅಯ್ಯೋ ಭಾರತಿ, ನಮ್ಮ ಸುಸ್ತು ಬೇರೆ, ಇವರ ಸುಸ್ತ್ ಬೇರೆ. ಇವರಿಗೆ ಅದು ಸೋಮಾರಿತನ, ಮಂಕುತನ. ನಮಗೆ ಜೀವ ಸೋತು ಹೋಗೋದು. ಕಮ್‌ಜೋರಿ ಅನ್ನಮ್ಮ, ಚಕ್ಕರ್ ಅನ್ನು. ಸುಸ್ತ್ ಅಂದ್ರೆ ಇಲ್ಲಿ ಒಬ್ಬನೂ ತಿರುಗಿ ನೋಡಲ್ಲ." ನಿಮ್ಮ ಮನೆಗೆ ಹೋಗುವ ದಾರಿಯುದ್ದಕ್ಕೂ ಸೋಮಾರಿ ಸೋಮಾರಿ ಅಂತ ರೇಗಿಸಿದಿರಿ. ಆಮೇಲೆ ಅತ್ತೆಗೂ ಹೇಳಿ ನಗಿಸಿದಿರಿ.

ನಿಮ್ಮ ಸರ್ಕಾರಿ ಕ್ವಾರ್ಟರ್ಸಿನ ಊಟದ ಮೇಜು ನೆನಪಾಗುತ್ತದೆ. ನೀವು ಕನ್ನಡದಲ್ಲಿ ಕೇಳುವುದು, ನಿಮ್ಮ ಮಗಳು ಅನು ಹಿಂದಿಯಲ್ಲಿ ಉತ್ತರ ಕೊಡುವುದು. "ಸಾರು ಹಾಕ್ಲೇನೇ?" "ಥೋಡಾ ಸಾ, ಅಪ್ಪಾ." ಅಪ್ಪಾ ಅನ್ನುವುದೊಂದೇ ಅವಳ ಬಾಯಲ್ಲಿ ಕನ್ನಡ. ಅರ್ಥ ಎಲ್ಲ ಆಗುತ್ತೆ, ನಾಲಿಗೆ ಹೊರಳಲ್ಲ ಅಷ್ಟೆ ಅನ್ನುತ್ತಿದ್ದಿರಿ. ಆ ಅರ್ಥ ಎಲ್ಲ ಆಗುತ್ತೆ ಅನ್ನುವ ಮಾತು ಈಗ ನನ್ನನ್ನು...

ಚಳಿ ಬಿಡುತ್ತಿದ್ದ ಆ ಸೋಮವಾರದ ಬಗ್ಗೆ ನಿಮಗೆ ಹೇಳುವುದೇನಿದೆ? ಆದರೂ ಬರೆಯುತ್ತೇನೆ. ಅನುವನ್ನು ನೋಯ್ಡಾದ ಆಫೀಸಿಗೆ ಬಿಡಲು ಬೈಕಲ್ಲಿ ಹೊರಟಿದ್ದಿರಿ. ಮುಂದಿನ ಕಾರು ಇದ್ದಕ್ಕಿದ್ದ ಹಾಗೆ ಬ್ರೇಕ್ ಹಾಕಿತು. ಅವಳು ರಸ್ತೆಗೆ ಬಿದ್ದಳು, ಕಾಲು ಮುರಿಯಿತು, ನನಗೆ ಮುರಿದ ಜಾಗದಲ್ಲೇ. ನಿಮಗೆ ಅಂಗೈ ತರಚಿದ್ದು ಬಿಟ್ಟರೆ ಹೊರಗೆ ಕಾಣುವಂಥದ್ದು ಏನೂ ಇರಲಿಲ್ಲ. ಹ್ಯಾಂಡಲ್ ಹೊಟ್ಟೆಗೆ ಹೊಡೆದದ್ದನ್ನು ನೀವು ಯಾರಿಗೂ ಹೇಳಲಿಲ್ಲ. ಆಸ್ಪತ್ರೆಯಲ್ಲಿ ಅವಳ ಸ್ಟ್ರೆಚರ್ ಪಕ್ಕ ನಿಂತಿದ್ದಿರಿ, ಆಮೇಲೆ ಬೆಂಚಿನ ಮೇಲೆ ಕೂತಿರಿ, ಆಮೇಲೆ ಗೋಡೆಗೆ ಒರಗಿದಿರಿ. ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ನಾನೂ ಹರ್‌ಪ್ರೀತನೂ ಆ ಟ್ರಾಫಿಕ್ಕಿನಲ್ಲಿ ನುಗ್ಗಿಕೊಂಡು ತಲುಪುವಷ್ಟರಲ್ಲಿ ನಿಮ್ಮ ಮುಖಕ್ಕೆ ಬಟ್ಟೆ ಹೊದಿಸಿದ್ದರು.

ನಿಮ್ಮ ಕಾರ್ಯವೆಲ್ಲ ಮುಗಿದ ಮೇಲೆ ಹರ್‌ಪ್ರೀತ್ ಅಂಗಡಿಯ ಶಟರ್ ಅರ್ಧ ಇಳಿಸಿ ನನ್ನ ಕಡೆ ನೋಡಿದ. "ಭಾರತಿ, ವಹೀ ಹಡ್ಡೀ ಹೈ. ಅಬ್ ತೂ ಜಾ." ಅದೇ ಮೂಳೆ, ಈಗ ನೀನು ಹೋಗು. ಹೋದೆ. ಅನು ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಾನು ಸ್ಟೂಲ್ ಎಳೆದುಕೊಂಡು ಕೂತೆ, ಸಲ್ವಾರ್ ಮೇಲೆತ್ತಿ ಕಲೆ ತೋರಿಸಿದೆ, ಹೇಗೆ ನೋಯ್ತಿದೆ ಅಂತ ನಿಮ್ಮ ಹಾಗೇ ಕೇಳಿದೆ. "ನಹೀಂ ಹೋ ರಹಾ," ಅಂದಳು. ನೋಯುತ್ತಿಲ್ಲವಂತೆ. ಪ್ರತಿ ಸಲವೂ ಅದೇ ಮಾತು. ಡಾಕ್ಟರು ಕಾಲು ಊರಬಹುದು ಅಂದ ಮೇಲೂ ಊರಲಿಲ್ಲ. ಫಿಸಿಯೋ ಬಂದರೆ ಚಾದರ್ ತಲೆ ಮೇಲೆ ಎಳೆದುಕೊಳ್ಳುತ್ತಿದ್ದಳು. ಹೀಗೇ ಬಿಟ್ಟರೆ ಮೊಣಕಾಲು ಮಡಚುವುದು ಮರೆತುಹೋಗುತ್ತೆ, ಆಮೇಲೆ ನನ್ನನ್ನು ಕೇಳಬೇಡಿ ಅಂತ ಅವನು ಅತ್ತೆಗೆ ಹೇಳಿದ. ಅತ್ತೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತರು. ಗಂಡನನ್ನು ಕಳೆದುಕೊಂಡ ಮನೆಯಲ್ಲಿ ಮಗಳೂ ಹಾಗೇ ಮಂಚದ ಮೇಲೆ ಒಣಗಿ ಹೋಗುತ್ತಾಳೆ ಅಂತ ಅವರಿಗೆ ಖಾತ್ರಿಯಾಗಿಬಿಟ್ಟಿತ್ತು. ನನಗೂ.

ಒಂದು ಭಾನುವಾರ ಮಧ್ಯಾಹ್ನ ಅವಳ ತಲೆ ಬಾಚುತ್ತಿದ್ದೆ. ಹಿಂದಿನಿಂದ ಮುಖ ಕಾಣುತ್ತಿರಲಿಲ್ಲ, ಅದಕ್ಕೇ ಹೇಳಿದಳೋ ಏನೋ. "ದೀದಿ, ಮೈನೇ ಸುಸ್ತ್ ಬೋಲಾ ಥಾ." ಸುಸ್ತ್ ಅಂತ ಹೇಳಿದ್ದು ನಾನೇ, ಅಂತ. ಅಪ್ಪ ಗೋಡೆಗೆ ಒರಗಿಕೊಂಡು, "ಯಾಕೋ ತುಂಬಾ ಸುಸ್ತು ಕಣೇ," ಅಂದರಂತೆ. ಬೆವರುತ್ತಿದ್ದರಂತೆ, ನೀರು ಕೇಳಿದರಂತೆ. ಆ ದಾರಿಯಲ್ಲಿ ಹೋಗುತ್ತಿದ್ದ ನರ್ಸ್, ಪಾಪಾಗೆ ಏನಾಗ್ತಿದೆ ಅಂತ ನಿಂತು ಕೇಳಿದ್ದಳು. ಇವಳು, "ಕುಛ್ ನಹೀಂ, ಬಸ್ ಥೋಡೇ ಸುಸ್ತ್ ಹೈಂ," ಅಂದಳು, ಏನಿಲ್ಲ, ಸ್ವಲ್ಪ ಸುಸ್ತ್ ಅಷ್ಟೆ ಅಂತ. ನರ್ಸ್ ಅಚ್ಛಾ ಅಂದು ಮುಂದಿನ ಸ್ಟ್ರೆಚರ್‌ಗೆ ಹೋದಳು. ಹುಟ್ಟಿದಾಗಿನಿಂದ ಮನೆಯಲ್ಲಿ ಕೇಳಿದ ಪದ, ನಿಮ್ಮ ಸುಸ್ತೂ ಹಿಂದಿಯ ಸುಸ್ತೂ ಒಂದೇ ಅಂದುಕೊಂಡಿದ್ದಳು ಅನು. ನಿಮ್ಮ ಆಫೀಸಿನವರೊಬ್ಬರು ಹದಿಮೂರನೆಯ ದಿನ ಬಂದವರು ಅತ್ತೆಯ ಹತ್ತಿರ, ಮೊದಲೇ ಗೊತ್ತಾಗಿದ್ದರೆ ಉಳೀತಿದ್ದರು ಅಂದದ್ದು ಒಳಗಿನ ಕೋಣೆಗೆ ಕೇಳಿಸಿತ್ತು. "ಆ ಒಂದು ಪದ ನನಗೆ ಗೊತ್ತಿದ್ದಿದ್ರೆ, ದೀದಿ..." ಅಂತ ಅವಳು ಹಿಂದಿಯಲ್ಲಿ ಶುರು ಮಾಡಿ ನಿಲ್ಲಿಸಿದಳು.

ಆಗ ನನಗೆ ಬಂದ ಸಿಟ್ಟು ನಿಮ್ಮ ಮೇಲೆ, ಮಾವಾ. ಹೌದು, ನಿಮ್ಮ ಮೇಲೆ. ನಮ್ಮೆಲ್ಲರ ನೋವನ್ನು ಸುಲಿದು ಸುಲಿದು ಕೇಳಿದವರು ನೀವು. ಬರೀ ನೋವು ಅಂದರೆ ಒಪ್ಪದವರು. ನಿಮ್ಮ ಸರದಿ ಬಂದಾಗ ನಿಮಗೆ ಸಿಕ್ಕಿದ್ದು ಅದೊಂದೇ ಪದವೆ? ಇಲ್ಲಿ ಒಬ್ಬನೂ ತಿರುಗಿ ನೋಡಲ್ಲ ಅಂತ ನನಗೆ ಹೇಳಿಕೊಟ್ಟ ಅದೇ ಪದ? ನರ್ಸ್ ನಿಮ್ಮೆದುರಿಗೇ ನಿಂತಿದ್ದಳಲ್ಲ. ಮಗಳು ಸುಸ್ತ್ ಅಂದದ್ದು ನಿಮ್ಮ ಕಿವಿಗೆ ಬಿತ್ತಲ್ಲ. ತಿದ್ದಬಹುದಿತ್ತು. ಅವಳು ಹೆದರುತ್ತಾಳೆ ಅಂತ ಸುಮ್ಮನಾದಿರಾ? ಮೊದಲು ಅವಳ ಕಾಲು ನೋಡಲಿ ಅಂತಲಾ? ಇಲ್ಲ, ಅಷ್ಟು ಹೊತ್ತಿಗೆ ಮಾತಾಡುವ ತ್ರಾಣವೇ ಇರಲಿಲ್ಲವಾ? ನಾನು ದಿನಾ ಒಂದೊಂದು ಉತ್ತರ ಕೊಟ್ಟುಕೊಳ್ಳುತ್ತೇನೆ, ಯಾವುದೂ ನಿಲ್ಲುವುದಿಲ್ಲ.

ಅನುವನ್ನು ನನ್ನ ಕಡೆ ತಿರುಗಿಸಿ ಕೂರಿಸಿದೆ. ನಿನ್ನ ತಪ್ಪಲ್ಲ ಅಂತ ಹೇಳಲಿಲ್ಲ, ಅದನ್ನು ಎಲ್ಲರೂ ಹೇಳಿ ಆಗಿತ್ತು. "ನಿಮ್ಮಪ್ಪ ದೆಹಲಿಗೆ ಬಂದಿದ್ದು ನೀನು ಹುಟ್ಟೋ ಮುಂಚೆ," ಅಂದೆ. "ಅವರಿಗೆ ಹಿಂದಿ ಬರ್ತಿತ್ತಾ ಇಲ್ವಾ?" ಫಿಸಿಯೋ ನನಗೆ ಬೈದ ಕತೆ ಹೇಳಿದೆ, ನೀವು ಗೋಡೆ ಹಿಡಿದು ನಕ್ಕದ್ದು, ಕಮ್‌ಜೋರಿ ಅನ್ನು ಚಕ್ಕರ್ ಅನ್ನು ಅಂದದ್ದು, ಎಲ್ಲ. ಅವಳ ಮುಖ ಮೊದಲು ಬಿಳುಚಿಕೊಂಡಿತು, ಆಮೇಲೆ ಕೆಂಪಾಯಿತು. "ಅಪ್ಪಾಗೆ ಗೊತ್ತಿತ್ತಾ?" ಅಂದಳು. ಕನ್ನಡದಲ್ಲಿ. "ಗೊತ್ತಿದ್ದೂ ಯಾಕೆ ಹೇಳ್ಳಿಲ್ಲ?" ನನಗೆ ಗೊತ್ತಿಲ್ಲ ಅಂದೆ. ನಿಮ್ಮ ಮಗಳು ನಿಮ್ಮನ್ನು ಅವತ್ತು ಏನೇನು ಬೈದಳು ಅಂತ ಇಲ್ಲಿ ಬರೆಯುವುದಿಲ್ಲ. ದಿಂಬು ಎಸೆದಳು, ನೀರಿನ ಬಾಟಲಿ ಎಸೆದಳು. ಅತ್ತೆ ಬಾಗಿಲಲ್ಲಿ ಬಂದು ನಿಂತರು, ನಾನು ಕೈಸನ್ನೆ ಮಾಡಿ ತಡೆದೆ.

ಈಗ ನಿಮಗೆ ತಲುಪದ ಸುದ್ದಿ. ಅನು ನಿಮ್ಮ ಫೋಟೋವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟಿದ್ದಾಳೆ. ಅತ್ತೆ ದೀಪ ಹಚ್ಚುವಾಗ ಈ ಕಡೆ ತಿರುಗಿಸುತ್ತಾರೆ, ಅವಳು ಮತ್ತೆ ತಿರುಗಿಸುತ್ತಾಳೆ. ಹಾಗೆ ತಿರುಗಿಸಲಿಕ್ಕೆ ಮಂಚದಿಂದ ಎದ್ದು ಹೋಗಬೇಕು. ಮೊದಲ ಸಲ ವಾಕರ್ ಹಿಡಿದು ಕಾಲು ಊರಿದ್ದು ಅದಕ್ಕೇ. ನಾನು ಹಿಂದೆ ನಿಂತಿದ್ದೆ, ಬಿದ್ದರೆ ಹಿಡಿಯಲು. ಹೇಗೆ ನೋಯ್ತಿದೆ ಅಂತ ಕೇಳಿದೆ. ಹಲ್ಲು ಕಚ್ಚಿಕೊಂಡು ಬಹಳ ಹೊತ್ತು ಹುಡುಕಿ, "ಸೆಳೀತಿದೆ," ಅಂದಳು. ಸರಿಯಾದ ಪದ ಮಾವಾ, ಆ ಜಾಗದಲ್ಲಿ ಅದು ಸೆಳೆಯುತ್ತದೆ. ನನಗೆ ಗೊತ್ತು.

ಅವಳ ತಲೆ ಮೇಲಿದ್ದದ್ದನ್ನು ಇಳಿಸಿ ನಿಮ್ಮ ಮೇಲೆ ಹೊರಿಸಿದ್ದು ನಾನೇ. ಸತ್ತವರ ಮೇಲೆ ಹೀಗೆ ಹೊರಿಸಬಾರದು ಅಂತ ಯಾರಾದರೂ ಅಂದರೆ ಅನ್ನಲಿ. ಅವಳು ನಡೆಯುವವರೆಗೂ ಪ್ರತಿ ಭಾನುವಾರ ಹೋಗುತ್ತೇನೆ, ಆ ಫೋಟೋ ಈ ಕಡೆ ತಿರುಗುವವರೆಗೂ ಹೋಗುತ್ತೇನೆ, ಅದಕ್ಕೆ ವರ್ಷಗಳೇ ಹಿಡಿಯಲಿ. ಫಿಸಿಯೋ ಹೇಳಿದ್ದಾನೆ, ಸದ್ಯಕ್ಕೆ ಅವಳು ಆ ಕಾಲ ಮೇಲೆ ಅರ್ಧ ಭಾರ ಮಾತ್ರ ಹಾಕಬೇಕಂತೆ. ಉಳಿದದ್ದನ್ನು ಅಲ್ಲಿಯವರೆಗೆ ನೀವು ಹೊತ್ತುಕೊಂಡೇ ಇರಿ, ಮಾವಾ.

ಭಾರತಿ