ಎರಡನೆಯ ಹಿಡಿ

ಮಕ್ತಲ್,
12-11-2024

ಪ್ರೀತಿಯ ತಂಗಿ ಪ್ರಶಾಂತಿಗೆ,

ನಿನ್ನ ಅಕ್ಕ ಸತ್ಯಮ್ಮ ಯೇಸುಸ್ವಾಮಿಯ ನಾಮದಲ್ಲಿ ಹೇಳುವ ವಂದನೆಗಳು. ನಿನ್ನ ಗಂಡ ಶ್ರೀನಾಥನಿಗೂ ಅತ್ತೆಯವರಿಗೂ ತಿಳಿಸು. ನಾನು ಇಲ್ಲಿ ಕ್ಷೇಮ. ಮೊಣಕಾಲು ಮಾತ್ರ ನನ್ನ ಮಾತು ಕೇಳುವುದಿಲ್ಲ, ಈ ಮನೆಯಲ್ಲಿ ನನಗೆ ಎದುರಾಡುವುದು ಈಗ ಅದೊಂದೇ. ಪತ್ರ ತಡವಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಹನ್ನೊಂದು ವರ್ಷವನ್ನು ಯಾರಾದರೂ ತಡ ಎನ್ನುತ್ತಾರೆಯೇ? ಫೋನ್ ಮಾಡಬಹುದಿತ್ತು, ನಿನ್ನ ನಂಬರ್ ಈಗ ನನ್ನ ಹತ್ತಿರ ಇದೆ. ಎರಡು ಸಲ ಒತ್ತಿದೆ, ನಿನ್ನ "ಹಲೋ" ಕೇಳಿ ಇಟ್ಟುಬಿಟ್ಟೆ. ಯಾರೋ ರಾಂಗ್ ನಂಬರ್ ಅಂದುಕೊಂಡಿರುತ್ತೀ. ಅದು ನಾನೇ.

ನಂಬರ್ ಕೊಟ್ಟವರು ನಿನ್ನ ಅತ್ತೆ. ಹೋದ ತಿಂಗಳು ಕಣ್ಣು ತೋರಿಸಲು ಗದ್ವಾಲಿಗೆ ಬಂದಿದ್ದೆ. ಸಾಲಿನಲ್ಲಿ ನನ್ನ ಮುಂದೆ ಕೂತಿದ್ದ ಹಿರಿಯಾಕೆ ತಿರುಗಿ ತಿರುಗಿ ನೋಡಿ, "ನೀನು ನಮ್ಮ ಪ್ರಶಾಂತಿಯ ಅಕ್ಕ ಅಲ್ಲೇನಮ್ಮಾ? ಮೂಗು ಅಚ್ಚು ಹೊಡದಂಗ ಐತಿ" ಎಂದರು. ನಲವತ್ತು ವರ್ಷ ಮಗ್ಗದ ಮುಂದೆ ಕೂತು ಕಣ್ಣು ಮಂಜಾಗಿದೆ ಎಂದು ಬಂದವರಿಗೆ ನನ್ನ ಮೂಗು ಮಾತ್ರ ಚೆನ್ನಾಗಿ ಕಂಡಿತು ನೋಡು! ಬೈಯುತ್ತಾರೆಂದು ನಾನು ಸೆರಗು ಬಿಗಿ ಮಾಡಿಕೊಂಡು ಕೂತೆ. ಅವರು ಡಬ್ಬಿ ತೆರೆದು ಅರ್ಧ ರೊಟ್ಟಿ ನನ್ನ ಕೈಗಿಟ್ಟರು. ಆಮೇಲೆ ಹೇಳಿದರು:

"ನಿನ್ನ ತಂಗಿ ದಿನಾ ಅಕ್ಕಿ ತೊಳಿಯೋಕಿಂತ ಮೊದಲ ಒಂದು ಹಿಡಿ ಬ್ಯಾರೆ ತೆಗದಿಡತಾಳ. ಕಣ್ಣು ಮುಚ್ಚಿ ಏನೋ ಅಂತಾಳ. ಐತಾರಕ್ಕೊಮ್ಮೆ ಅದನ್ನ ನಮ್ಮ ಓಣ್ಯಾಗಿನ ಒಬ್ಬ ಮುದುಕಿಗೆ ಕೊಟ್ಟು ಬರತಾಳ. ಯಾಕಂತ ನಾನೂ ಕೇಳಿಲ್ಲ, ಆಕಿನೂ ಹೇಳಿಲ್ಲ. ನಮ್ಮನಿಗೆ ಬಂದಾಗಿಂದ ಒಂದು ದಿನ ತಪ್ಪಿಲ್ಲ ನೋಡಮ್ಮಾ."

ನನ್ನ ಸರದಿ ಬಂದಾಗ ಡಾಕ್ಟರು ಗೋಡೆಯ ಮೇಲಿನ ಅಕ್ಷರ ಓದು ಎಂದರು. ಕಣ್ಣು ತುಂಬಿಕೊಂಡು ದೊಡ್ಡಕ್ಷರವೂ ಕಾಣಲಿಲ್ಲ. ದಪ್ಪ ಕನ್ನಡಕ ಬರೆದುಕೊಟ್ಟರು. ಅದನ್ನೇ ಹಾಕಿಕೊಂಡು ಬರೆಯುತ್ತಿದ್ದೇನೆ, ಸಾಲು ಸೊಟ್ಟಗಾಗಿದ್ದರೆ ನಗಬೇಡ.

ಪ್ರಶಾಂತಿ, ಬೇರೆ ಧರ್ಮದವನನ್ನು ಮದುವೆಯಾಗಿ ನೀನು ನಮ್ಮ ಚರ್ಚಿನ ಸಭೆಯನ್ನು, ಅವ್ವ ಕಲಿಸಿದ್ದನ್ನು ಎಲ್ಲ ಬಿಟ್ಟೆ ಎಂದು ನಾನು ತಿಳಿದಿದ್ದೆ. ಊರಿಗೆಲ್ಲ ಹಾಗೇ ಹೇಳುತ್ತಾ ಬಂದೆ. ಅವ್ವ ನಾರಾಯಣಪೇಟೆ ಸೀರೆಯ ಅಂಚು ಹಚ್ಚಿ ನಮಗಿಬ್ಬರಿಗೂ ಒಂದೊಂದು ಅಕ್ಕಿ ಚೀಲ ಹೊಲಿದಿದ್ದಳಲ್ಲ, ನನಗೆ ಕೆಂಪು, ನಿನಗೆ ಹಸಿರು. ಹಿಡಿ ಹಿಡಿಯಾಗಿ ತುಂಬಿ ಭಾನುವಾರ ಚರ್ಚಿನ ಬುಟ್ಟಿಗೆ ಸುರಿಯಬೇಕು. ನನ್ನ ಹಿಡಿ ದೊಡ್ಡದೋ ನಿನ್ನ ಹಿಡಿ ದೊಡ್ಡದೋ ಎಂದು ಜಗಳ ಮಾಡಿ ಅವ್ವನ ಕೈಯಲ್ಲಿ ಇಬ್ಬರೂ ಪೆಟ್ಟು ತಿಂದದ್ದು ನೆನಪಿದೆಯಾ? ನೀನು ಹೋದ ಮೇಲೂ ಹಸಿರು ಚೀಲ ಒಂದು ವಾರವೂ ಖಾಲಿ ಹೋಗಲಿಲ್ಲ. ಅಪ್ಪ ತುಂಬುತ್ತಿದ್ದ. ನಾನು ಅಕ್ಕಿ ಅಳೆಯುವಾಗ ಬಂದು ನಿಂತು, "ಸತ್ಯಾ, ನಿನ್ನದಾತು. ಈಗ ಆಕಿದು" ಎಂದು ತಾನೇ ಕೈಹಾಕಿ ತೆಗೆಯುತ್ತಿದ್ದ.

ಅವನ ಕೊನೆಯ ದಿನಗಳನ್ನು ನಿನಗೆ ಹೇಳಬೇಕು. ಈಸ್ಟರಿಗೆ ಮುಂಚಿನ ಲೆಂಟಿನ ಉಪವಾಸದಲ್ಲಿ ಒಂದು ಸಂಜೆಯೂ ತಪ್ಪಿಸದೆ ಮನೆಮನೆಯ ಪ್ರಾರ್ಥನೆಗೆ ಕೋಲೂರಿಕೊಂಡು ಬಂದ. ಗರಿಗಳ ಭಾನುವಾರ ಈಚಲ ಗರಿ ಹಿಡಿದು ಎಲ್ಲರಿಗಿಂತ ಮುಂದೆ ನಡೆದ, ರಾಗ ತಪ್ಪಿಸಿಕೊಂಡೇ ಹಾಡಿದ. ಸೋಮವಾರ ಜ್ವರ ಬಂತು. ಮಂಗಳವಾರ ಬೆಳಗ್ಗೆ ನನ್ನನ್ನು ಕರೆದು, "ಅಕ್ಕಿ ತೆಗದಿಟ್ಟೇನು?" ಎಂದು ಕೇಳಿದ. ಇಟ್ಟೆನಪ್ಪಾ ಎಂದೆ. "ಎರಡೂ?" ಎಂದ. ಎರಡೂ ಎಂದೆ. ಅಷ್ಟೇ ಅವನ ಮಾತು. ಆಮೇಲೆ ಮಧ್ಯಾಹ್ನದವರೆಗೆ ಬಾಗಿಲ ಕಡೆ ನೋಡುತ್ತಾ ಮಲಗಿದ್ದ.

ಮಣ್ಣಿಗೆ ನೀನು ಬಂದಿದ್ದೆ. ಸ್ಮಶಾನದ ಹುಣಸೆಮರದ ಕೆಳಗೆ ಸೆರಗು ಮುಖಕ್ಕೆ ಎಳೆದುಕೊಂಡು ನಿಂತಿದ್ದೆ. ನಾನು ಕಂಡೆ. ಕರೆಯದೆ, ಬಗ್ಗಿ ಗುಂಡಿಗೆ ಒಂದು ಹಿಡಿ ಮಣ್ಣು ಹಾಕಿದೆ. ಐದು ದಿನಕ್ಕೆ ಈಸ್ಟರ್. ನಸುಕಿನಲ್ಲೇ ಎಲ್ಲರೂ ಸಮಾಧಿಗಳ ಹತ್ತಿರ ಮೇಣದ ಬತ್ತಿ ಹಚ್ಚಲು ಹೋದೆವು. ಪ್ರತಿ ವರ್ಷ "ಯೇಸು ಎದ್ದಾನ, ಎದ್ದಾನ" ಎಂದು ಕೂಗಿ ಊರನ್ನು ಎಬ್ಬಿಸುತ್ತಿದ್ದವನು ಈ ಸಲ ಹಸಿಮಣ್ಣಿನ ಕೆಳಗಿದ್ದ. ನಾನೇ ಕೂಗಿದೆ.

ಆಮೇಲೆ ಮಳೆ ಬಂತು, ನಾಟಿಯಾಯಿತು, ಹತ್ತಿ ಬಿಡಿಸುವ ಕೆಲಸ ಶುರುವಾಯಿತು. ಅಪ್ಪ ಹೊಡೆಯುತ್ತಿದ್ದ ಚರ್ಚಿನ ಗಂಟೆಯನ್ನು ಈಗ ನಾನು ಹೊಡೆಯುತ್ತೇನೆ. ಹೊಸದಾಗಿ ಬಂದ ಪಾಸ್ಟರ್ ಸುರೇಂದರ್ ಅಯ್ಯನವರು ಒಳ್ಳೆಯವರು, ಭಾನುವಾರ ಮಾಡುವ ಪ್ರಸಂಗ ಮಾತ್ರ ಬಹಳ ಉದ್ದ. ಒಂದು ದಿನ, "ಸತ್ಯಮ್ಮಕ್ಕಾ, ಮನ್ಯಾಗ ನೀವು ಒಬ್ಬರೇ ಇದ್ದೀರಿ. ಎರಡು ಚೀಲ ಯಾಕ್ರೀ?" ಎಂದು ಕೇಳಿದರು. ಒಂದು ನನ್ನ ತಂಗಿದು ಎಂದೆ. "ಹಂಗಾದರ ತಂಗಿ ಎಲ್ಲ್ಯದಾರ್ರೀ?" ಎಂದರು. ಗದ್ವಾಲ್ ಎಂದು ಹೇಳಿ, ಇನ್ನೊಂದು ಪ್ರಶ್ನೆ ಬರುವ ಮೊದಲೇ ಗಂಟೆ ಹೊಡೆಯಲು ಹೋದೆ.

ಇದೇ 24ಕ್ಕೆ, ಭಾನುವಾರ, ಸುಗ್ಗಿ ಆರಾಧನೆ. ಪ್ರತಿ ವರ್ಷದ ಹಾಗೆ ಎಲ್ಲರ ಮನೆಯ ಅಕ್ಕಿ ಕೂಡಿಸಿ ಒಂದೇ ಹಂಡೆಯಲ್ಲಿ ಅನ್ನ ಮಾಡುತ್ತೇವೆ. ಒಬ್ಬರದು ಹೊಸ ಅಕ್ಕಿ, ಒಬ್ಬರದು ಹಳೆಯದು, ಒಬ್ಬರದು ರೇಷನ್ ಅಕ್ಕಿ. ಅರ್ಧ ಮುದ್ದೆ, ಅರ್ಧ ಕಾಳುಕಾಳು. ನೀನು ಚಿಕ್ಕವಳಿದ್ದಾಗ ಆ ಅನ್ನ ಒಲ್ಲೆ ಎಂದು ಅತ್ತರೆ ಅಪ್ಪ, "ಎಲ್ಲಾರ ಮನಿ ಅಕ್ಕಿ ಕೂಡಿ ಬೇಯಬೇಕಂದರ ಸ್ವಲ್ಪ ತಡ ಆಗತೈತಿ, ತಡಿ ಮಗಳ" ಎನ್ನುತ್ತಿದ್ದ. ಹನ್ನೊಂದು ವರ್ಷದ ಹಿಂದೆ, ಮದುವೆಯಾಗಿ ಎಂಟು ದಿನಕ್ಕೆ, ನೀನು ಶ್ರೀನಾಥನನ್ನು ಕರೆದುಕೊಂಡು ಅದೇ ಆರಾಧನೆಗೆ ಬಂದಿದ್ದೆ. ಹಸಿರು ಚೀಲವನ್ನು ಮೆಟ್ಟಿಲ ಮೇಲೆ ಇಟ್ಟು, ಅಪ್ಪ ನಿನ್ನ ಮುಖ ನೋಡಲೊಲ್ಲ ಎಂಬ ಮಾತು ಹೊತ್ತುಕೊಂಡು ತಿರುಗಿ ಹೋದೆ. ಈ ಸಲ ಬಾ. ಶ್ರೀನಾಥನೂ ಬರಲಿ, ಅತ್ತೆಯವರೂ ಬರಲಿ. ನಿನ್ನನ್ನು ನೋಡಬೇಕೆಂದು ನನಗೆ ಬಹಳ ಆಸೆಯಾಗಿದೆ. ಹಂಡೆಯ ಹತ್ತಿರ ನಿಂತು ನನ್ನನ್ನು ರೇಗಿಸುವವರು ಯಾರೂ ಇಲ್ಲ.

ಕರ್ತನು ನಿನ್ನ ಮನೆಯನ್ನೂ ಮಗ್ಗವನ್ನೂ ಕಾಯಲಿ. ನೀನು ತೆಗೆದಿಟ್ಟ ಒಂದೊಂದು ಹಿಡಿಯೂ ಅವನಿಗೆ ಮುಟ್ಟಿದೆ, ಅದರಲ್ಲಿ ನನಗೆ ಸಂಶಯವಿಲ್ಲ.

ಇಂತು ನಿನ್ನ ಅಕ್ಕ,
ಸತ್ಯಮ್ಮ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಹೇಳಬೇಕಾದದ್ದನ್ನೇ ಹೇಳಿಲ್ಲ. ಆ ದಿನ ಅಪ್ಪ ನಿನ್ನ ಮುಖ ನೋಡಲೊಲ್ಲೆ ಎಂದು ಹೇಳಲೇ ಇಲ್ಲ, ಪ್ರಶಾಂತಿ. ನಿನ್ನನ್ನು ಕಂಡು ಅವನ ಕೈಯಲ್ಲಿದ್ದ ಸುಗ್ಗಿ ಕಾಣಿಕೆಯ ಕುಂಬಳಕಾಯಿ ಬಿದ್ದು ಒಡೆಯಿತು. "ಸತ್ಯಾ, ಓಡು, ಕರಕೊಂಡು ಬಾ" ಎಂದ. ಅಷ್ಟು ವರ್ಷ ಒಂದು ಭಾನುವಾರ ತಪ್ಪಿಸದೆ ಚರ್ಚಿನ ಕಸ ಗುಡಿಸಿದವಳು ನಾನು. ನನ್ನನ್ನು ಅವನು ಒಂದು ದಿನವೂ ಅಂಥ ದನಿಯಲ್ಲಿ ಕರೆದಿರಲಿಲ್ಲ. ಹೊಟ್ಟೆ ಉರಿಯಿತು. ಹೊರಗೆ ಬಂದು ನಿನಗೆ ಆ ಸುಳ್ಳು ಹೇಳಿದೆ. ಒಳಗೆ ಹೋಗಿ, "ಆಕಿ ಒಲ್ಲೆ ಅಂದಳು, ನಮ್ಮನಿಗೆ ಯಾರೂ ಬರಬ್ಯಾಡ್ರಿ ಅಂದಳು" ಎಂದು ಅಪ್ಪನಿಗೂ ಹೇಳಿದೆ. ಅವನು ನಂಬಿದ. "ಮನಸ್ಸು ಬಂದಾಗ ಬರತಾಳ. ಬಂದಾಗ ಆಕಿ ಚೀಲ ಖಾಲಿ ಇರಬಾರದು" ಎಂದು ಅವತ್ತಿನಿಂದ ಎರಡನೆಯ ಹಿಡಿ ಶುರು ಮಾಡಿದ.

ಹಸಿರು ಚೀಲ ಇದರ ಜೊತೆ ಕಳಿಸಿದ್ದೇನೆ. ನನ್ನನ್ನು ಕ್ಷಮಿಸದಿದ್ದರೂ ಸರಿ, ತುಂಬಿಕೊಂಡು ಬಾ. ಅಪ್ಪ ನಿನಗೆ ಹೇಳಿ ಕಳಿಸಿದ ಮಾತನ್ನು ಈಗ ಮುಟ್ಟಿಸುತ್ತಿದ್ದೇನೆ:

"ಬಿಸಲಾಗ ಯಾಕ ನಿಂತಾಳ? ಒಳಗ ಬಾ ಅನ್ನು. ಅಳಿಯಗೂ ಬಾ ಅನ್ನು."