ಅಪ್ಪನಿಗೆ ಹಸಿವಾಗುತ್ತಿದೆ

ಸಕಾತಾ, ಜಪಾನ್, ನವೆಂಬರ್ 14, 1995

ಪ್ರೀತಿಯ ಅಣ್ಣಾ,

ಎರಡು ಗಂಟೆಗೆ ಅಪ್ಪನ ಅಲಾರಂ ಹೊಡೆದುಕೊಂಡಿತು. ಅವರು ಗೋಡೆ ಹಿಡಿದು ನಡೆದು ಹೋಗಿದ್ದು, ಬಚ್ಚಲ ಬಾಗಿಲು ಸರಿದಿದ್ದು, ಹೊಟ್ಟೆ ಒತ್ತಿಕೊಂಡು ಕೂತು ಕಾದಿದ್ದು ಎಲ್ಲವನ್ನೂ ಮಲಗಿದಲ್ಲೇ ಕೇಳಿಸಿಕೊಂಡೆ. ಆಮೇಲೆ ನಿದ್ದೆ ಬರಲಿಲ್ಲ. ನೀನು ಹೇಗಿದ್ದೀಯ? ಮೀನಿನ ಕಾರ್ಖಾನೆಯ ಥಂಡಿಗೆ ನಿನ್ನ ಸೊಂಟನೋವು ಹೆಚ್ಚಾಗಿಲ್ಲ ತಾನೆ? ಚಿಲಿಯಲ್ಲಿ ಈಗ ಸೋಮವಾರದ ಮಧ್ಯಾಹ್ನ, ನೀನು ಆಫೀಸಿನಲ್ಲೇ ಇರುತ್ತೀಯ ಎಂಬ ಧೈರ್ಯದಲ್ಲಿ ಇದನ್ನು ಅಲ್ಲಿಗೇ ಫ್ಯಾಕ್ಸ್ ಮಾಡುತ್ತಿದ್ದೇನೆ. ನಮ್ಮನೆಯವರು ರಾತ್ರಿ ಪಾಳಿಗೆ ಹೋಗಿದ್ದಾರೆ. ಮಗು ಅಕಾನೆಗೆ ಏಳು ತಿಂಗಳು ತುಂಬಿತು, ಕೆಳಗಿನ ಎರಡು ಹಲ್ಲು ಬಂದಿವೆ. ಅವಳಿಗೂ ಅಪ್ಪನಿಗೂ ಒಂದೇ ಪಾತ್ರೆಯಲ್ಲಿ ಗಂಜಿ ಕಾಯಿಸುತ್ತೇನೆ. ಅವಳೇ ಹೆಚ್ಚು ತಿನ್ನುತ್ತಾಳೆ.

ಐದು ವರ್ಷದ ಹಿಂದೆ ಅಪ್ಪನ ಮೂತ್ರಚೀಲ ತೆಗೆದು, ಕರುಳಿನ ತುಂಡಿನಿಂದಲೇ ಹೊಸ ಚೀಲ ಹೊಲಿದಾಗ ನೀನು ಇಲ್ಲೇ ಇದ್ದೆ. ಡಾಕ್ಟರು ತೆಗೆದದ್ದನ್ನು ತಟ್ಟೆಯಲ್ಲಿಟ್ಟು ತಂದು, ಇಲ್ಲಿನ ಆಸ್ಪತ್ರೆಗಳಲ್ಲಿ ಮಾಡುವ ಹಾಗೆ, ಮನೆಯವರಾದ ನಮಗೆ ತೋರಿಸಿದ್ದರು. ನೀನು ಬೆವತು ಕುರ್ಚಿ ಹುಡುಕಿದ್ದು ನೆನಪಿದೆಯಾ? ಆ ಆಪರೇಷನ್ ಯಶಸ್ವಿಯಾಯಿತು. ಹೊಸ ಚೀಲಕ್ಕೆ ತುಂಬಿದ್ದು ತಿಳಿಯುವುದಿಲ್ಲ, ಗಡಿಯಾರ ನೋಡಿ ಖಾಲಿ ಮಾಡಬೇಕು ಎಂದಿದ್ದರು. ಅಂದಿನಿಂದ ಅಪ್ಪ ಒಂದು ರಾತ್ರಿಯೂ ಅಲಾರಂ ತಪ್ಪಿಸಿಲ್ಲ. "ಹೇಳಿದ ಹಾಗೆ ಕೇಳಿದ್ದಕ್ಕೇ ಬದುಕಿದೆ" ಎನ್ನುತ್ತಾರೆ. ಈಗ ಅದೇ ಮಾತು ನನ್ನನ್ನು ಕೊಲ್ಲುತ್ತಿದೆ.

ಈ ಸಲ ಹೊಟ್ಟೆಯ ಆಪರೇಷನ್ ಮುಗಿಸಿ ಡಾಕ್ಟರು ಬರಿಗೈಯಲ್ಲಿ ಬಂದರು. ಅರ್ಧ ದಿನ ಹಿಡಿಯಬೇಕಾದದ್ದು ಒಂದು ಗಂಟೆಯಲ್ಲಿ ಮುಗಿದಿತ್ತು. ತಟ್ಟೆ ಇಲ್ಲದ್ದು ನೋಡಿದಾಗಲೇ ನನಗೆ ಅರ್ಥವಾಯಿತು. ಕ್ಯಾನ್ಸರ್ ಜಠರ ದಾಟಿ ಹೊರಗೆಲ್ಲ ಚೆಲ್ಲಿತ್ತು, ಏನನ್ನೂ ಮುಟ್ಟದೆ ಹಾಗೇ ಹೊಲಿದರು. ನೀನು ಫೋನಿನಲ್ಲಿ, "ಹುಣ್ಣಿತ್ತು, ಹೊಟ್ಟೆ ಪೂರ್ತಿ ತೆಗೆದರು ಅಂತಲೇ ಹೇಳು. ಅವರಿಗೆ ಧೈರ್ಯ ಇರಲಿ" ಎಂದೆ. ಹಿರಿಮಗನ ಮಾತೆಂದು ಡಾಕ್ಟರೂ ಒಪ್ಪಿದರು. ನಿನ್ನ ಮೇಲೆ ತಪ್ಪು ಹೊರಿಸುತ್ತಿಲ್ಲ ಅಣ್ಣಾ. ಅವತ್ತು ನನಗೂ ಅದೇ ಸರಿ ಕಂಡಿತ್ತು.

ಎಚ್ಚರವಾದ ಮೇಲೆ ಅಪ್ಪ ಕೇಳಿದ ಮೊದಲ ಮಾತು, "ನನ್ನ ಹೊಟ್ಟೆ ನೋಡಿದೆಯಾ?" ನೋಡಿದೆ ಎಂದೆ. ಹುಣ್ಣು ಎಷ್ಟಗಲ ಇತ್ತೆಂದು ಬೆರಳಿನಲ್ಲಿ ತೋರಿಸಿಯೂ ಬಿಟ್ಟೆ. "ಮೊಲೆಯೂಡಿಸೋ ಹೆಂಗಸಿಗೆ ಅಂಥದ್ದನ್ನ ನೋಡೋ ಹಾಗೆ ಮಾಡಿದೆ, ಕ್ಷಮಿಸಮ್ಮ" ಎಂದು ದಿಂಬಿನ ಮೇಲೇ ತಲೆ ಬಾಗಿಸಿದರು.

ಹೊಟ್ಟೆ ತೆಗೆದವರು ಹೇಗೆ ತಿನ್ನಬೇಕೆಂಬ ಒಂದು ಹಾಳೆಯನ್ನು ಆಸ್ಪತ್ರೆಯಲ್ಲಿ ಪಕ್ಕದ ಮಂಚದವರ ಹತ್ತಿರ ಕೇಳಿ ಪಡೆದು, ತಾವೇ ಬರೆದುಕೊಂಡರು. ದಿನಕ್ಕೆ ಆರು ಸಲ, ಸಲಕ್ಕೆ ಎರಡು ಚಮಚ, ಒಂದೊಂದು ತುತ್ತಿಗೂ ಮೂವತ್ತು ಅಗಿತ. ಗಂಜಿಯಲ್ಲಿ ಅಗಿಯುವುದಕ್ಕೆ ಏನಿದೆ? ಆದರೂ ಮನೆಗೆ ಬಂದ ಮೇಲೂ ಕಣ್ಣುಮುಚ್ಚಿ ಎಣಿಸುತ್ತಾರೆ. ಮೂವತ್ತು ವರ್ಷ ಸಹಕಾರ ಸಂಘದಲ್ಲಿ ಅಕ್ಕಿಕಾಳು ಕಚ್ಚಿ ದರ್ಜೆ ಹೇಳಿದ ಮನುಷ್ಯ. ಮೊನ್ನೆ ಹೊಸ ಅಕ್ಕಿ ಬಂತು. ಬೇಯುವಾಗ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ವಾಸನೆ ಎಳೆದುಕೊಂಡರು. ಒಂದು ಬಟ್ಟಲು ಬಡಿಸಲಾ, ಹಂದಿಮಾಂಸ ಹಾಕಿದ ಕೆಸುವಿನ ಗೆಡ್ಡೆಯ ಸಾರೂ ಇದೆ ಎಂದೆ. "ಹುಚ್ಚಿ, ಅದನ್ನ ಎಲ್ಲಿ ಹಾಕ್ಕೊಳ್ಳಲಿ, ಕಿಸೆಯಲ್ಲಾ? ಮುಂದಿನ ವರ್ಷ ಕರುಳು ಹಿಗ್ಗಲಿ, ಆಗ ಕೊಡುವಿಯಂತೆ" ಎಂದು ನಕ್ಕರು.

ನಿನ್ನೆ ರಾತ್ರಿ ಏನೋ ಕಳ್ಳತನ ಒಪ್ಪಿಕೊಳ್ಳುವವರ ಹಾಗೆ ದನಿ ತಗ್ಗಿಸಿ ಅಂದರು: "ಯುಕಾರಿ, ಯಾರಿಗೂ ಹೇಳಬೇಡ. ಇಲ್ಲದ ಹೊಟ್ಟೆ ಹಸೀತಿದೆ ಕಣೇ. ನರಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ ಅಂತ ಕಾಣುತ್ತೆ." ನಾನು ಮಗುವಿನ ನೆಪ ಮಾಡಿ ಎದ್ದು ಹೋದೆ. ಹೊಟ್ಟೆ ಅಲ್ಲೇ ಇದೆ ಅಣ್ಣಾ. ಅಷ್ಟಿಷ್ಟು ಅನ್ನ ಅದಕ್ಕೆ ಇಳಿಯುತ್ತದೆ ಕೂಡ. ನಮ್ಮ ಸುಳ್ಳಿಗೆ ವಿಧೇಯರಾಗಿ ಅಪ್ಪ ಉಪವಾಸ ಕೂತಿದ್ದಾರೆ. ಒತ್ತಾಯ ಮಾಡಿದರೆ ನನಗೇ ನಿಯಮ ಓದಿ ಹೇಳುತ್ತಾರೆ. ನಿಜ ಹೇಳದೆ ಅವರಿಗೆ ತಿನ್ನಿಸುವ ದಾರಿ ನನಗೆ ಗೊತ್ತಿಲ್ಲ. ನಿನಗೆ ಕೊಟ್ಟ ಮಾತಿನಿಂದ ನನ್ನನ್ನು ಬಿಡಿಸು.

ಅತ್ತಿಗೆಗೂ ಹುಡುಗರಿಗೂ ನನ್ನ ನೆನಪು ತಿಳಿಸು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ,
ಯುಕಾರಿ

ಮರೆತೆ ಅನ್ನಲಾರೆ, ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನೆ ತಪಾಸಣೆಗೆ ಹೋದಾಗ ಡಾಕ್ಟರು ನನ್ನೊಬ್ಬಳನ್ನೇ ಹೊರಗೆ ಕರೆದು ಹೇಳಿದರು, ಹೊಟ್ಟೆಯ ಕೆಳಗಿನ ದಾರಿ ಮುಚ್ಚಿಕೊಳ್ಳುತ್ತಿದೆಯಂತೆ. ಇನ್ನು ನಾಲ್ಕೈದು ದಿನ ಅಷ್ಟೆ. ಆಮೇಲೆ ನೀರೂ ಇಳಿಯುವುದಿಲ್ಲ. ಆರು ಗಂಟೆಗೆ ಅಪ್ಪ ಎದ್ದು ಕೂತು ಎರಡು ಚಮಚಕ್ಕೆ ಕಾಯುತ್ತಾರೆ. ನಾನು ಹೇಳಿದರೆ ಬಾಣಂತಿಯ ಹೆದರಿಕೆ ಎನ್ನುತ್ತಾರೆ, ನೀನು ಹೇಳಿದರೆ ನಂಬುತ್ತಾರೆ. ನೀನೇ ಹೇಳು, ಇಲ್ಲವೇ ನನಗೆ ಹೇಳಲು ಬಿಡು, ಯಾವುದಾದರೂ ಸರಿ. ಮಗು ಏಳದಿರಲೆಂದು ಫೋನನ್ನು ಹೊದಿಕೆಯೊಳಗೆ ಇಟ್ಟುಕೊಂಡು ಕೂತಿದ್ದೇನೆ. ಬೆಳಗಾಗುವುದರೊಳಗೆ ಫೋನ್ ಮಾಡು ಅಣ್ಣಾ, ನಿನ್ನ ಕಾಲಿಗೆ ಬೀಳುತ್ತೇನೆ, ಬೆಳಗಾಗುವುದರೊಳಗೆ.