ಹಗೇದ ಪ್ಲಾಟಿನಲ್ಲಿ ಉಳಿದ ಹಗೇವು

ರಾಣೆಬೆನ್ನೂರು, ೧೨-೨-೧೯೮೮

ಅಪ್ಪನವರಿಗೆ ಕಸ್ತೂರಿಯ ನಮಸ್ಕಾರ. ಬೀಜದ ಕಂಪನಿಯ ಕೆಲಸಕ್ಕೆ ಹಾಜರಾದೆ. ಬಾಡಿಗೆ ಖೋಲಿ ಸಿಕ್ಕಿದ್ದು ಹಲಗೇರಿ ರಸ್ತೆಯ ಹಗೇದ ಪ್ಲಾಟ್ ಎಂಬ ಹೊಸ ಬಡಾವಣೆಯಲ್ಲಿ. ಹೌದು, ನಮ್ಮದೇ ಹೆಸರು! ಅಜ್ಜ ಊರಿನವರ ಜೋಳ ತುಂಬಲು ನೆಲದೊಳಗೆ ಹಗೇವು ತೋಡುತ್ತಿದ್ದ ಜಾಗವೇ ಇದು. ಆ ಕೆಲಸದಿಂದ ನಮಗೆ ಬಂದ ಅಡ್ಡಹೆಸರನ್ನು ಈಗ ಬಸ್ ಕಂಡಕ್ಟರ್ ಕೂಗಿ ಜನರನ್ನು ಇಳಿಸುತ್ತಾನೆ.

ಮನೆಯೊಡತಿ ಪದ್ಮಾಬಾಯಿ ನನ್ನ ಹೆಸರು ಕೇಳಿ ನಕ್ಕಳು. “ನಿಮ್ಮ ಹಿರ್ಯಾರು ನಮ್ಮ ಪ್ಲಾಟಿನ ಹೆಸರ ಇಟಗೊಂಡಾರೇನವಾ? ಇರ್ಲಿ, ಎಲ್ಲಾರ ಅಡ್ಡಹೆಸರೂ ಊರಿನಿಂದನ ಬರ್ತಾವ.” ಈ ಪ್ಲಾಟು ಆಗಿ ಹತ್ತು ವರ್ಷವಾಗಿಲ್ಲ, ನಮ್ಮ ಹೆಸರು ಇವರಿಂದ ಬಂತಂತೆ! ಮೈ ಉರಿದುಹೋಯಿತು.

ಹಿತ್ತಲಲ್ಲಿ ಒಂದು ಹಗೇವು ಉಳಿದಿದೆ. ನೀವು ಹೇಳುತ್ತಿದ್ದ ಸೀಳಿದ ಮುಚ್ಚಳದ ಚಪ್ಪಡಿ ಅದರ ಬಾಯಿಯ ಪಕ್ಕದಲ್ಲೇ ಬಿದ್ದಿದೆ. ಒಳಗೆ ಬಿದ್ದ ಆಳನ್ನು ಎತ್ತಲು ಇಳಿದು ಅಜ್ಜ ಉಸಿರುಗಟ್ಟಿ ಸತ್ತದ್ದು ಇದರಲ್ಲೇ. ಈಗ ಓಣಿಯವರೆಲ್ಲ ಅದರಲ್ಲಿ ಕಸ ಸುರಿಯುತ್ತಾರೆ. “ಇದರಾಗ ನಮ್ಮಜ್ಜ ಸತ್ತಾನ್ರಿ” ಎಂದೆ. “ಹೌದೇನು? ಈಗ ತುಂಬೇದ ಬಿಡವಾ, ಇನ್ನ ಯಾರೂ ಬೀಳೂದಿಲ್ಲ” ಎಂದು ಪದ್ಮಾಬಾಯಿ ಮತ್ತೊಂದು ಬುಟ್ಟಿ ಸುರಿದಳು.

ಊರಿನಿಂದ ಹೊರಡುವಾಗ ಇದ್ದ ಜ್ವರ ಇಳಿದಿದೆ, ಚಿಂತೆ ಬೇಡ. ಖೋಲಿ ಮಾತ್ರ ಬಿಡುವುದಿಲ್ಲ. ಉತ್ತರವನ್ನು ಕಾರ್ಡಿನಲ್ಲೇ ಬರೆಯಿರಿ, ಲಕೋಟೆ ಬೇಡ. ಟಪಾಲು ಪದ್ಮಾಬಾಯಿಯ ಕೈಗೇ ಬರುತ್ತದೆ. ಅಕ್ಕನ ಕಾರ್ಡನ್ನು ಪೂರ್ತಿ ಓದಿಯೇ ನನಗೆ ಕೊಟ್ಟಳು. ಅಜ್ಜನ ಅಡ್ಡಹೆಸರನ್ನೂ ಸತ್ತ ಇಸವಿಯನ್ನೂ ಮೊದಲ ಸಾಲಿನಲ್ಲೇ ದಪ್ಪಗೆ ಬರೆಯಿರಿ.

ನಿಮ್ಮ ಮಗಳು,
ಕಸ್ತೂರಿ ಹಗೇದ